ಕಾರಿಲ್ಲದ ಜಲ್ಲಿದಾರಿ: ನೆದರ್‌ಲ್ಯಾಂಡ್ಸ್‌ನ ಹೈಡೆ, ಕಾಡುಗಳಲ್ಲಿ ಸೈಕಲ್ ಹೊಡೆಯುವುದು ಹೇಗೆ

ನೆದರ್‌ಲ್ಯಾಂಡ್ಸ್‌ಗೆ ಕೆಲಸಕ್ಕೆ ಅಂತ ಬಂದ ನಮ್ಮವರೆಲ್ಲ ಮೊದಲ ತಿಂಗಳಲ್ಲೇ ಒಂದು ಸೈಕಲ್ ತಗೊಳ್ಳುತ್ತಾರೆ. ಆಫೀಸು, ಅಂಗಡಿ, ಮಕ್ಕಳ ಸ್ಕೂಲು. ಅಲ್ಲಿಗೇ ನಿಂತುಬಿಡುತ್ತದೆ. ಊರಾಚೆ ಅರ್ಧ ಗಂಟೆ ಹೋದರೆ ಕಾರಿನ ಸದ್ದೇ ಕೇಳದ, ಬರೀ ಜಲ್ಲಿ, ಮಣ್ಣು, ಮರಳಿನ ದಾರಿಗಳು ಶುರುವಾಗುತ್ತವೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ನನಗೂ ಎರಡು ವರ್ಷ ಗೊತ್ತಿರಲಿಲ್ಲ. ಈಗ ಹೊಸದಾಗಿ ಹೊರಡುವವರು ಕೇಳಿದಾಗಲೆಲ್ಲ ಅದೇ ಮಾತು ಮತ್ತೆ ಮತ್ತೆ ಹೇಳಿ ಸಾಕಾಗಿದೆ, ಅದಕ್ಕೆ ಒಂದೇ ಸಲ ಬರೆದುಬಿಡುತ್ತಿದ್ದೇನೆ.

ಮೊದಲು ಹೈಡೆ ಅಂದರೇನು ಅಂತ ಹೇಳಿಬಿಡುತ್ತೇನೆ. ಮೊಣಕಾಲೆತ್ತರದ ಹೀದರ್ ಗಿಡಗಳು ಕಣ್ಣು ಹಾಯುವಷ್ಟು ದೂರ ಹಬ್ಬಿರುವ ಬಯಲು. ನಡುವೆ ಅಲ್ಲೊಂದು ಇಲ್ಲೊಂದು ಬರ್ಚ್ ಮರ, ಒಂಟಿ ಪೈನ್. ಕೆಳಗೆ ಸಾರವಿಲ್ಲದ ಹುಳಿ ಮರಳುನೆಲ. ನೋಡಿದರೆ ಅನಾದಿಕಾಲದ ಕಾಡುಜಾಗ ಅನ್ನಿಸುತ್ತದೆ, ಆದರೆ ಇದು ರೈತರ ಕೈಯಿಂದ ಆದ ಜಾಗ. ನೂರಾರು ವರ್ಷ ಕುರಿ ಮೇಯಿಸಿ, ಮೇಲಿನ ಹುಲ್ಲುಮಣ್ಣನ್ನು ಹೆಂಟೆ ಹೆಂಟೆಯಾಗಿ ಕೆತ್ತಿ ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ಹೊಲಕ್ಕೆ ಹೊತ್ತಿದ್ದರಿಂದ ಇಲ್ಲಿ ಮರ ಬೆಳೆಯಲಿಲ್ಲ. ಆಮೇಲೆ ರಾಸಾಯನಿಕ ಗೊಬ್ಬರ ಬಂತು, ಹೈಡೆ ಯಾರಿಗೂ ಬೇಡವಾಯಿತು, ಬಹುಪಾಲು ಜಾಗದಲ್ಲಿ ಪೈನ್ ನೆಟ್ಟರು. ಅದರಲ್ಲಿ ಎಷ್ಟೋ ಮರ ಕಲ್ಲಿದ್ದಲು ಗಣಿಗಳಿಗೆ ಆಧಾರದ ಕಂಬವಾಗಿ ಹೋಯಿತು.

ಈ ಕಥೆ ಯಾಕೆ ಹೇಳಿದೆ ಅಂದರೆ, ನಿಮ್ಮ ಚಕ್ರದ ಕೆಳಗೆ ಏನಿರುತ್ತದೆ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ. ಪೈನ್ ತೋಪಿನ ದಾರಿಗಳು ಅಳತೆ ಹಿಡಿದು ಎಳೆದ ಗೆರೆಯಷ್ಟು ನೇರ, ಯಾಕೆಂದರೆ ಅವು ನೆಟ್ಟ ಕಾಡು. ಮೇಲೆ ಪೈನ್ ಎಲೆಯ ಹಾಸು ಇದ್ದರೆ ಚೆನ್ನಾಗಿ ಓಡುತ್ತದೆ. ಬಯಲಿಗೆ ಬಂದ ತಕ್ಷಣ ಹಾಸು ಮಾಯ, ಬರೀ ಮರಳು. ಈ ದೇಶದಲ್ಲಿ ಏರು ಇಲ್ಲ ಅಂತ ಖುಷಿಪಡಬೇಡಿ. ಏರಿನ ಕೆಲಸವನ್ನೆಲ್ಲ ಇಲ್ಲಿ ಮರಳೇ ಮಾಡುತ್ತದೆ, ಗಾಳಿ ಅದಕ್ಕೆ ಸಾಥ್ ಕೊಡುತ್ತದೆ.

ಹಾಗಾಗಿ ಕಿಲೋಮೀಟರ್ ಲೆಕ್ಕ ಬಿಡಿ, ನೆಲದ ಲೆಕ್ಕ ಹಿಡಿಯಿರಿ. ಡಾಂಬರಿನ ಮೇಲೆ 60 ಕಿಮೀ ಆರಾಮಾಗಿ ಹೊಡೆಯುವವರು ಇಲ್ಲಿ ಮೊದಲ ಸಲ 25-30 ಇಟ್ಟುಕೊಳ್ಳಿ ಸಾಕು.

ದಾರಿ ಹುಡುಕುವುದು

ನನ್ನ ಮೊದಲ ಸವಾರಿಯ ಕಥೆ ಕೇಳಿ. ಆ್ಯಪ್‌ನಲ್ಲಿ ಚೆಂದದ ಒಂದು ಗೆರೆ ಕಾಣಿಸಿತು, ಲೂನ್ಸೆ ಎನ್ ಡ್ರುನೆನ್ಸೆ ಡೌನೆನ್ ಅನ್ನುವ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ. ಹೆಸರಲ್ಲೇ ಡೌನೆನ್ ಇದೆ, ಅಂದರೆ ಮರಳುದಿಬ್ಬ. ಅಷ್ಟು ಡಚ್ ನನಗೆ ಆಗ ಬರುತ್ತಿರಲಿಲ್ಲ. ಆ ಗೆರೆ ಕುದುರೆ ಸವಾರರಿಗೆ ಬಿಟ್ಟ ದಾರಿ. ಗೊರಸು ತುಳಿದು ತುಳಿದು ಹಿಟ್ಟಿನ ಹಾಗಾದ ಮರಳು, ಗೇಣುದ್ದ ಆಳ. ಎರಡು ಕಿಲೋಮೀಟರ್ ಸೈಕಲ್ ತಳ್ಳಿದೆ. ಶೂ ಬಿಚ್ಚಿ ಕವುಚಿದರೆ ಒಂದೊಂದರಲ್ಲೂ ಹಿಡಿ ಹಿಡಿ ಮರಳು. ಸೈಕಲ್ ಅಲ್ಲಿಗೆ ತರಲೇಬಾರದಿತ್ತು ಅಂತ ಎದುರಿಗೆ ಬಂದ ಕುದುರೆಯವಳು ನಗುತ್ತಲೇ ಹೇಳಿ ಹೋದಳು.

ಅವತ್ತಿನಿಂದ ನಾನು ಮಾಡುವುದು ಇಷ್ಟು. ಓಪನ್‌ಸ್ಟ್ರೀಟ್‌ಮ್ಯಾಪ್ (ಜನರೇ ಸೇರಿ ಮಾಡಿದ ಉಚಿತ ನಕ್ಷೆ) ಆಧರಿಸಿದ ಯಾವುದಾದರೂ ದಾರಿ ಹಾಕುವ ಆ್ಯಪ್‌ನಲ್ಲಿ ದಾರಿ ಎಳೆದು, ಅದರಲ್ಲಿ ನೆಲದ ವಿವರ ನೋಡುತ್ತೇನೆ. ಸಣ್ಣ ಜಲ್ಲಿ ಅಥವಾ ಒತ್ತಿ ಗಟ್ಟಿಮಾಡಿದ ದಾರಿ ಅಂತ ಇದ್ದರೆ ಕಣ್ಣುಮುಚ್ಚಿ ಹೋಗಬಹುದು. ಮರಳು ಅಂತ ಇದ್ದರೆ ಅದು ನಿಜ, ನಂಬಿ. ಏನೂ ಬರೆದಿಲ್ಲದಿದ್ದರೆ ಉಪಗ್ರಹ ಚಿತ್ರಕ್ಕೆ ಹೋಗಿ ಹಿಗ್ಗಿಸಿ ನೋಡಿ. ಬೂದುಬಣ್ಣದ, ಅಗಲ ಬದಲಾಗದ, ಅಂಚು ಚೊಕ್ಕವಾಗಿರುವ ಪಟ್ಟಿ ಅಂದರೆ ಸೈಕಲ್ ದಾರಿ. ಬಿಳಿ ಅಥವಾ ತಿಳಿಹಳದಿ ಬಣ್ಣಕ್ಕಿದ್ದು, ಒಂದು ಕಡೆ ಅಗಲ, ಇನ್ನೊಂದು ಕಡೆ ಸಪೂರ, ಹೊಳೆ ಹರಿದ ಹಾಗೆ ಕವಲೊಡೆದಿದ್ದರೆ ಅದು ಮರಳು, ಜನ ಗಟ್ಟಿ ನೆಲ ಹುಡುಕಿಕೊಂಡು ಆಚೆ ಈಚೆ ಹೋಗಿದ್ದಾರೆ ಅಂತ ಅರ್ಥ. ಈ ಒಂದು ಉಪಾಯ ನನಗೆ ಎಷ್ಟು ಸಲ ಕಾಲು ಉಳಿಸಿದೆಯೋ ಲೆಕ್ಕವಿಲ್ಲ.

ಇನ್ನೊಂದು ಸುಲಭದ ದಾರಿ ಕ್ನೋಪ್‌ಪುಂಟ್. ಅಂದರೆ ನಂಬರು ಹಾಕಿದ ಕೂಡುದಾರಿಗಳು. ಒಂದೊಂದು ಜಂಕ್ಷನ್ನಿಗೂ ಒಂದು ನಂಬರು, ಅಲ್ಲಿಂದ ಮುಂದಿನ ನಂಬರಿಗೆ ಬಾಣದ ಗುರುತು. ಇದನ್ನು ಯೋಚಿಸಿದವರು ಬೆಲ್ಜಿಯಂನ ಲಿಂಬುರ್ಖ್ ಪ್ರಾಂತ್ಯದ ಹ್ಯೂಗೊ ಬೊಲ್ಲೆನ್, ಗಣಿ ಎಂಜಿನಿಯರ್. 1995ರಲ್ಲಿ ಅಲ್ಲಿ ಶುರುವಾದದ್ದು ಈಗ ಎರಡೂ ದೇಶದ ತುಂಬ ಇದೆ. ನಾನು ಕಾಗದದ ಟೇಪಿನ ಮೇಲೆ ನಂಬರುಗಳನ್ನು ಸಾಲಾಗಿ ಬರೆದು ಹ್ಯಾಂಡಲ್ ಹತ್ತಿರ ಫ್ರೇಮಿಗೆ ಅಂಟಿಸಿಬಿಡುತ್ತೇನೆ. ಮೊಬೈಲ್ ಜೇಬಿನಲ್ಲೇ ಇರುತ್ತದೆ, ಬ್ಯಾಟರಿ ಮುಗಿದರೂ ತಲೆಬಿಸಿ ಇಲ್ಲ. ಒಂದೇ ತೊಂದರೆ, ಈ ಜಾಲದ ಹೆಚ್ಚಿನ ಭಾಗ ಡಾಂಬರು, ಕಾಂಕ್ರೀಟು. ಅಲ್ಲಲ್ಲಿ ಕಾರುಗಳ ಜತೆ ಹಂಚಿಕೊಳ್ಳುವ ರಸ್ತೆಯೂ ಬರುತ್ತದೆ. ಅದಕ್ಕೇ ಕಾಡಿನವರೆಗೆ ನಂಬರು ಹಿಡಿದು ಹೋಗಿ, ಕಾಡಿನೊಳಗೆ ನಿಮ್ಮದೇ ಗೆರೆ ಹಿಡಿಯಿರಿ.

ಕಾಡಿನೊಳಗೆ ಮೊಣಕಾಲಿಗಿಂತ ಕೆಳಗಿನ, ಅಣಬೆ ಆಕಾರದ ಕೈಮರಗಳು ಸಿಗುತ್ತವೆ. ಹೆಸರೇ ಪಾಡನ್‌ಸ್ಟೂಲ್, ಅಣಬೆ ಅಂತಲೇ. 1919ರಿಂದ ಇವೆ. ಪ್ರತಿಯೊಂದರ ಮೇಲೂ ಅದರದ್ದೇ ನಂಬರು ಇರುತ್ತದೆ. ಯಾರಾದರೂ ಬಿದ್ದು 112ಕ್ಕೆ ಫೋನ್ ಮಾಡಬೇಕಾಗಿ ಬಂದರೆ, ಸುತ್ತ ಎಲ್ಲಾ ಒಂದೇ ಥರದ ಪೈನ್ ಮರ ಇರುವಾಗ, ಕೊನೆಗೆ ದಾಟಿದ ಅಣಬೆಯ ನಂಬರು ಹೇಳಲು ಗೊತ್ತಿದ್ದರೆ ದೊಡ್ಡ ಉಪಕಾರ. ದಾಟುವಾಗ ಸುಮ್ನೆ ಒಂದು ಫೋಟೋ ಹೊಡೆದಿಟ್ಟುಕೊಳ್ಳಿ.

ಎಲ್ಲಿ ಹೋಗಬಹುದು, ಎಲ್ಲಿ ಹೋಗಬಾರದು

ಪ್ರತಿ ಕಾಡಿನ ಬಾಯಲ್ಲೂ ಒಂದು ಸಣ್ಣ ಬೋರ್ಡ್ ಇರುತ್ತದೆ. ಓದದೆ ಒಳಗೆ ಹೋಗಬೇಡಿ. "ಫ್ರೇ ವಾಂಡೆಲೆನ್" ಅಂತ ಇದ್ದರೆ ನಡೆಯುವವರಿಗೆ ಮಾತ್ರ ಸ್ವಾಗತ. "ಫೀಟ್ಸ್‌ಪಾಡ್" ಸೈಕಲ್ ದಾರಿ. "ರೌಟರ್‌ಪಾಡ್" ಕುದುರೆಯದ್ದು, ಮೇಲೆ ಹೇಳಿದೆನಲ್ಲ, ಅದೇ. ತ್ರಿಕೋನ ಮತ್ತು ಎರಡು ಚುಕ್ಕೆ ಇರುವ ಬೋರ್ಡ್ ಮೌಂಟನ್ ಬೈಕಿನವರ ದಾರಿ. ಅದು ಸಾಮಾನ್ಯವಾಗಿ ಒಂದೇ ದಿಕ್ಕಿನದ್ದು, ಎದುರುಗಡೆಯಿಂದ ನುಗ್ಗಿದರೆ ಬೈಗುಳ ಗ್ಯಾರಂಟಿ. ಹೆಚ್ಚಿನ ಕಡೆ ಸೂರ್ಯ ಹುಟ್ಟಿದ ಮೇಲೆ ಒಳಗೆ, ಮುಳುಗುವ ಮೊದಲು ಹೊರಗೆ ಅನ್ನುವ ನಿಯಮ ಇದೆ. ಕಾಡಿನ ಕಾವಲಿನವರಿಗೆ ದಂಡ ಹಾಕುವ ಅಧಿಕಾರವೂ ಇದೆ.

ದಾರಿ ಬಿಟ್ಟು ಇಳಿಯಬೇಡಿ ಅನ್ನುವುದು ಬರೀ ಶಿಸ್ತಿನ ಮಾತಲ್ಲ. ಇಲ್ಲಿನ ಕೆಲವು ಹಕ್ಕಿಗಳು ಗೂಡೇ ಕಟ್ಟುವುದಿಲ್ಲ, ನೆಲದ ಮೇಲೇ ಮೊಟ್ಟೆ ಇಡುತ್ತವೆ. ನತ್ತಿಂಗ, ಅಂದರೆ ನೈಟ್‌ಜಾರ್, ಒಣಗಿದ ತೊಗಟೆಯ ಬಣ್ಣಕ್ಕೇ ಇರುತ್ತದೆ, ಎರಡು ಅಡಿ ದೂರದಲ್ಲಿ ಕೂತಿದ್ದರೂ ಕಾಣುವುದಿಲ್ಲ. ಟಯರು ಮೇಲೆ ಹತ್ತಿದ ಮೇಲೇ ಗೊತ್ತಾಗುವುದು. ಮಾರ್ಚ್ ಮಧ್ಯದಿಂದ ಜುಲೈ ಮಧ್ಯದವರೆಗೆ ಈ ವಿಷಯದಲ್ಲಿ ತುಂಬಾ ಬಿಗಿ, ಕೆಲವು ದಾರಿಗಳನ್ನು ಮುಚ್ಚಿಯೂ ಇರುತ್ತಾರೆ. ಹಗ್ಗ ಕಟ್ಟಿದ್ದರೆ ವಾಪಸ್ ತಿರುಗಿ, ವಾದ ಬೇಡ.

ಸೈಕಲ್, ಟಯರ್, ಗಾಳಿ

ಗ್ರಾವೆಲ್ ಸೈಕಲ್, ಅಂದರೆ ಜಲ್ಲಿದಾರಿಗೆಂದೇ ಮಾಡಿದ ಅಗಲ ಟಯರಿನ ಸೈಕಲ್, ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಹಳೆಯ ಮೌಂಟನ್ ಬೈಕ್ ಸಾಕು. ನಿಜ ಹೇಳಬೇಕೆಂದರೆ ಮರಳಿನಲ್ಲಿ ಅದೇ ವಾಸಿ. ದುಡ್ಡು ಹಾಕುವುದಿದ್ದರೆ ಫ್ರೇಮಿಗಲ್ಲ, ಟಯರಿಗೆ ಹಾಕಿ. 40 ಮಿಮೀಗಿಂತ ಕಡಿಮೆ ಅಗಲದ್ದು ಹಾಕಿಕೊಂಡು ಹೈಡೆಗೆ ಬರಬೇಡಿ, 45 ಇದ್ದರೆ ಚೆಂದ.

ಅದಕ್ಕಿಂತ ಮುಖ್ಯ ಗಾಳಿ. ನಮ್ಮ ಜನಕ್ಕೆ ಟಯರು ಕಲ್ಲಿನ ಹಾಗೆ ಗಟ್ಟಿ ಇದ್ದರೇ ಸಮಾಧಾನ. ಇಲ್ಲಿ ಅದು ಉಲ್ಟಾ. ಗಟ್ಟಿ ಟಯರು ಚಾಕುವಿನ ಹಾಗೆ ಮರಳನ್ನು ಸೀಳಿ ಒಳಗೆ ಇಳಿಯುತ್ತದೆ, ಮೆತ್ತಗಿನದು ಅಗಲವಾಗಿ ಕೂತು ಮೇಲೇ ತೇಲುತ್ತದೆ. ನನ್ನ ತೂಕ 72 ಕೆಜಿ. 45 ಮಿಮೀ ಟ್ಯೂಬ್‌ಲೆಸ್ ಟಯರಿಗೆ ಮುಂದೆ 26, ಹಿಂದೆ 29 ಪಿಎಸ್‌ಐ ಹಾಕುತ್ತೇನೆ. ಟ್ಯೂಬ್ ಇದ್ದರೆ ನಾಲ್ಕೈದು ಜಾಸ್ತಿ ಹಾಕಿ, ಇಲ್ಲದಿದ್ದರೆ ಬೇರಿನ ಮೇಲೆ ಹಾರಿದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ಎರಡು ತೂತು ಒಟ್ಟಿಗೆ ಬೀಳುತ್ತದೆ. ಗೇಜ್ ಇಲ್ಲದವರು ಹೆಬ್ಬೆರಳಿಂದ ಒತ್ತಿ ನೋಡಿ, ಸ್ವಲ್ಪ ಜೋರು ಒತ್ತಿದಾಗ ಒಳಗೆ ಹೋಗಬೇಕು. ಮೇಲೆ ಕೂತಾಗ ಕೆಳಗೆ ಟಯರು ಚೂರು ಉಬ್ಬಬೇಕು, ಚಪ್ಪಟೆ ಆಗಬಾರದು.

ಬ್ಯಾಗಿನಲ್ಲಿ ಒಂದು ಟ್ಯೂಬ್, ಪಂಪು, ಟಯರ್ ಲಿವರ್, ಚೈನ್ ಲಿಂಕ್, ಚಿಮಟ. ನೀರು ಎರಡು ಬಾಟಲಿ. ಡಾಂಬರಿನ ಮೇಲಿನ ಹಾಗೆ ಹತ್ತು ನಿಮಿಷಕ್ಕೊಂದು ಊರು ಸಿಗುವುದಿಲ್ಲ.

ಮರಳು ದಾಟುವುದು

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಹತ್ತರಲ್ಲಿ ಒಂಬತ್ತು ಜನ ಬೀಳುವುದು ಇಲ್ಲೇ.

ಮರಳಿನ ತುಂಡು ಹದಿನೈದಿಪ್ಪತ್ತು ಮೀಟರ್ ಮುಂದೆ ಕಂಡಿತು ಅಂದುಕೊಳ್ಳಿ. ಗೇರ್ ಈಗಲೇ ಎರಡು ಇಳಿಸಿ. ಒಳಗೆ ಹೋದ ಮೇಲೆ ಇಳಿಸಲು ಹೋದರೆ ಕಾಲಿನ ಭಾರಕ್ಕೆ ಚೈನು ಕಟಕಟ ಅನ್ನುತ್ತದೆ, ಆ ಅರ್ಧ ಸೆಕೆಂಡಿನಲ್ಲಿ ಸೈಕಲ್ ನಿಂತೇಹೋಗುತ್ತದೆ. ಕೂತ ಜಾಗದಿಂದ ಸೀಟಿನ ಮೇಲೇ ನಾಲ್ಕು ಬೆರಳು ಹಿಂದೆ ಸರಿಯಿರಿ, ಮುಂದಿನ ಚಕ್ರದ ಭಾರ ಕಡಿಮೆಯಾಗಬೇಕು. ಎದ್ದು ನಿಂತು ತುಳಿಯಬೇಡಿ. ಕೈ ಸಡಿಲ ಬಿಡಿ. ಹ್ಯಾಂಡಲ್ ನಿಮ್ಮ ಕೈಯಲ್ಲಿ ಆಚೀಚೆ ಒದ್ದಾಡುತ್ತದೆ, ಒದ್ದಾಡಲಿ, ಅದನ್ನು ಬಿಗಿಹಿಡಿದು ನೆಟ್ಟಗೆ ಮಾಡಲು ಹೋದವರೇ ಬೀಳುವುದು. ಕಣ್ಣು ಮುಂದಿನ ಚಕ್ರದ ಮೇಲಲ್ಲ, ಮರಳು ಮುಗಿಯುವ ಜಾಗದ ಮೇಲೆ. ಕಾಲು ಮಾತ್ರ ನಿಲ್ಲಬಾರದು, ರುಬ್ಬುಗುಂಡು ತಿರುಗಿದ ಹಾಗೆ ಒಂದೇ ಸಮ ತಿರುಗುತ್ತಿರಬೇಕು. ಬ್ರೇಕ್ ಮುಟ್ಟಬೇಡಿ. ಮುಂದಿನ ಚಕ್ರ ಮುಳುಗಿಯೇಬಿಟ್ಟಿತು ಅಂತಾದರೆ ಹಟ ಬೇಡ, ಕಾಲು ಊರಿ, ಇಳಿದು ತಳ್ಳಿ. ನಾನೂ ಇವತ್ತಿಗೂ ತಳ್ಳುತ್ತೇನೆ. ನಾಚಿಕೆ ಏನೂ ಇಲ್ಲ.

ಒಂದು ಆಸೆ ಎಲ್ಲರಿಗೂ ಬರುತ್ತದೆ, ದಾರಿ ಪಕ್ಕದ ಹೀದರ್ ಮೇಲೆ ಹತ್ತಿಸಿ ಹೋಗಿಬಿಡೋಣ ಅಂತ. ಅಲ್ಲಿ ಬೇರು ಇರುವುದರಿಂದ ನೆಲ ಗಟ್ಟಿ. ನೀವೊಬ್ಬರು ಹೋದಿರಿ, ಹಿಂದೆ ಬಂದವರು ಆ ಗುರುತು ನೋಡಿ ಅಲ್ಲೇ ಹೋದರು, ಬೇಸಿಗೆ ಮುಗಿಯುವುದರೊಳಗೆ ಅದೂ ಮರಳಾಯಿತು. ಉಪಗ್ರಹ ಚಿತ್ರದಲ್ಲಿ ಹೊಳೆಯ ಹಾಗೆ ಕಾಣುತ್ತದೆ ಅಂದೆನಲ್ಲ, ಹಾಗೆ ಆಗುವುದು ಹೀಗೇ.

ಇನ್ನು ಯಾವಾಗ ಹೋಗಬೇಕು ಅನ್ನುವುದು. ಮಣ್ಣುದಾರಿ ಅಂದರೆ ಮಳೆ ಬಂದರೆ ಕೆಟ್ಟಿತು ಅಂತ ನಮ್ಮ ಲೆಕ್ಕ ಅಲ್ವಾ? ಇಲ್ಲಿ ತಿರುಗಾಮುರುಗಾ. ಒದ್ದೆ ಮರಳು ಗಟ್ಟಿ, ಒಣ ಮರಳು ನರಕ. ಮಳೆ ಬಂದ ಮಾರನೇ ದಿನ ಬೆಳಿಗ್ಗೆ ಹೊರಡಿ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿದ ದಿನ ಸಿಕ್ಕರಂತೂ ಹಬ್ಬ. ಮೂರು ವಾರ ಮಳೆ ಇಲ್ಲದ ಬೇಸಿಗೆಯಲ್ಲಿ ಕಾಡಿನ ಒಳಗಿನ ಜಲ್ಲಿದಾರಿಗೆ ಮಾತ್ರ ಹೋಗಿ. ಹಾಗೆಂದು ಕಾಡಿನಲ್ಲಿ ಕೆಸರೇ ಇಲ್ಲ ಅಂತಲ್ಲ, ಮರ ಕಡಿಯುವ ಯಂತ್ರ ಓಡಾಡಿದ ದಾರಿ ಸಿಕ್ಕರೆ ಟಯರಿಗೆ ಮೆತ್ತಿಕೊಂಡು ಚಕ್ರವೇ ತಿರುಗುವುದಿಲ್ಲ.

ಹೀದರ್ ಹೂವು ಬಿಡುವುದು ಆಗಸ್ಟ್‌ನಿಂದ ಸೆಪ್ಟೆಂಬರ್ ಮೊದಲ ವಾರಗಳವರೆಗೆ. ಇಡೀ ಬಯಲು ನೇರಳೆ. ನೋಡಲೇಬೇಕು, ಆದರೆ ಶನಿವಾರ ಭಾನುವಾರ ಮಧ್ಯಾಹ್ನ ಹೋದರೆ ಜನಜಾತ್ರೆ. ಬೆಳಿಗ್ಗೆ ಏಳಕ್ಕೆ ಹೋಗಿ, ಮಂಜು ನೆಲಕ್ಕೆ ಅಂಟಿಕೊಂಡಿರುತ್ತದೆ, ಜೇಡರ ಬಲೆಗಳ ಮೇಲೆಲ್ಲ ಹನಿ ಕೂತಿರುತ್ತದೆ.

ಒಣಗಿದ ಕಾಲದಲ್ಲಿ ಬೆಂಕಿಯ ಭಯ ನಿಜವಾದದ್ದು. ಐಂಡ್‌ಹೋವನ್ ಪಕ್ಕದ ಸ್ಟ್ರಾಬ್ರೆಖ್ಟ್‌ಸೆ ಹೈಡೆಯಲ್ಲಿ 2010ರ ಜುಲೈನಲ್ಲಿ ಸುಮಾರು 200 ಹೆಕ್ಟೇರ್ ಸುಟ್ಟುಹೋಯಿತು. ಸಿಗರೇಟು, ಸಣ್ಣ ಗ್ಯಾಸ್ ಒಲೆ, ಎರಡೂ ಮನೆಯಲ್ಲೇ ಇರಲಿ.

ದನ, ಕುದುರೆ, ಕಂಬಳಿಹುಳು

ಹೈಡೆ ಮತ್ತೆ ಕಾಡಾಗದ ಹಾಗೆ ಮೇಯಿಸಲು ಉದ್ದ ಕೊಂಬಿನ, ಕೆಂಪು ಕೂದಲಿನ ಸ್ಕಾಟಿಷ್ ದನಗಳನ್ನು ಬಿಟ್ಟಿರುತ್ತಾರೆ. ಪಾಪದವು. ಆದರೂ 25 ಮೀಟರ್ ದೂರ ಇರಿ, ಹಿಂಡಿನ ನಡುವೆ ತೂರಬೇಡಿ, ತಾಯಿ ಕರು ಮಧ್ಯೆ ಅಂತೂ ಬೇಡವೇ ಬೇಡ. ದಾರಿಗೆ ಅಡ್ಡ ಮಲಗಿದ್ದರೆ? ಕಾಯಿರಿ, ಅಥವಾ ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್ ಹೋಗಿ. ನಾನೊಮ್ಮೆ ಇಪ್ಪತ್ತು ನಿಮಿಷ ಕಾದಿದ್ದೇನೆ, ಅದು ಮೆಲುಕು ಹಾಕುತ್ತಾ ನನ್ನನ್ನೇ ನೋಡುತ್ತಿತ್ತು.

ಈ ದನಗಳು ಆಚೆ ಹೋಗದಿರಲಿ ಅಂತ ದಾರಿಗೆ ಅಡ್ಡವಾಗಿ ಕಬ್ಬಿಣದ ಕೊಳವೆಗಳ ಜಾಲರಿ ಹಾಕಿರುತ್ತಾರೆ. ಅದರ ಮೇಲೆ ನೆಟ್ಟಗೆ ಹೋಗಿ, ಓರೆಯಾಗಿ ಬೇಡ. ಮೇಲೆ ಇರುವಾಗ ತಿರುಗಿಸುವುದೂ ಬೇಡ, ಬ್ರೇಕೂ ಬೇಡ. ಮಳೆ ಬಿದ್ದಿದ್ದರೆ ಅದು ಎಣ್ಣೆ ಸವರಿದ ಹಾಗೆ ಜಾರುತ್ತದೆ.

ಕುದುರೆ ಹಿಂದಿನಿಂದ ಸದ್ದಿಲ್ಲದೆ ಬಂದ ಸೈಕಲ್ಲಿಗೆ ಬೆದರುತ್ತದೆ. ಇಪ್ಪತ್ತು ಮೀಟರ್ ಇರುವಾಗಲೇ ಬಾಯಿಬಿಟ್ಟು ಕೂಗಿ, ಗಂಟೆಗಿಂತ ಮನುಷ್ಯರ ದನಿ ವಾಸಿ. "ಮಾಖ್ ಇಕ್ ಎರ್ ಲಾಂಗ್ಸ್?" ಅಂದರೆ ದಾಟಿಹೋಗಲಾ ಅಂತ. ಸವಾರರು ಕೈ ತೋರಿಸಿದ ಮೇಲೆ ನಿಧಾನವಾಗಿ, ದೂರದಿಂದ ದಾಟಿ.

ಕಂಬಳಿಹುಳುವಿನ ವಿಷಯ ಯಾರೂ ಹೇಳುವುದಿಲ್ಲ, ಅನುಭವಿಸಿದ ಮೇಲೇ ಗೊತ್ತಾಗುತ್ತದೆ. ಮೇಯಿಂದ ಜುಲೈವರೆಗೆ ಓಕ್ ಮರಗಳ ಮೇಲೆ ಸಾಲುಗಟ್ಟಿ ಹೋಗುವ ಒಂದು ಜಾತಿ ಇದೆ. ದಕ್ಷಿಣದ ಬ್ರಾಬಂಟ್ ಪ್ರಾಂತ್ಯದ ಕಡೆಯ ಓಕ್ ಸಾಲುಗಳಲ್ಲಿ ತುಂಬಾ. ಮುಟ್ಟಬೇಕೆಂದೇ ಇಲ್ಲ, ಅದರ ಕೂದಲು ಗಾಳಿಯಲ್ಲೇ ಹಾರಿ ಬಂದು ಚುಚ್ಚುತ್ತದೆ. ಕುತ್ತಿಗೆ, ತೋಳು ಎಲ್ಲಾ ದಡಿಕೆ ದಡಿಕೆಯಾಗಿ ಏಳುತ್ತದೆ. ಕೆರೆಯಬೇಡಿ. ಅಂಟುಟೇಪು ಒತ್ತಿ ಕಿತ್ತರೆ ಕೂದಲು ಅದಕ್ಕೇ ಬರುತ್ತದೆ, ಆಮೇಲೆ ನೀರಲ್ಲಿ ತೊಳೆದು, ಬಟ್ಟೆ ಬಿಸಿನೀರಿಗೆ ಹಾಕಿ. ಓಕ್ ಸಾಲಿನಲ್ಲಿ ಕೆಂಪು ಬಿಳಿ ಪಟ್ಟಿ ಕಟ್ಟಿದ್ದರೆ ಅದರ ಕೆಳಗೆ ಊಟಕ್ಕೆ ಕೂರಬೇಡಿ.

ಶುರು ಮಾಡಲು ಕೆಲವು ಜಾಗ

ದಕ್ಷಿಣದಲ್ಲಿ ಇರುವವರಿಗೆ ಸ್ಟ್ರಾಬ್ರೆಖ್ಟ್‌ಸೆ ಹೈಡೆ. ರೈಲಿನಲ್ಲಿ ಹೇಜೆ ಸ್ಟೇಷನ್ನಿಗೆ ಇಳಿದು, ಅಲ್ಲಿನ ಹಳೆಯ ಕೋಟೆಮನೆ ಕಡೆಯಿಂದ ಹೊರಟರೆ ಬೇಗ ಬಯಲು ಸಿಗುತ್ತದೆ. ನಡುವೆ ಬೇವನ್ ಅನ್ನುವ ಕೊಳ ಇದೆ, ಈ ಥರದ ಕೊಳಗಳಲ್ಲಿ ದೇಶಕ್ಕೇ ದೊಡ್ಡದು. ಉತ್ತರದ ಅಂಚಿನಲ್ಲಿ ಎ67 ಹೆದ್ದಾರಿಯ ಗುಂಯ್ ಸದ್ದು ಕೇಳುತ್ತದೆ, ಅದಕ್ಕೆ ದಕ್ಷಿಣಕ್ಕೇ ಅಂಟಿಕೊಳ್ಳಿ.

ಹಿಲ್ವರ್‌ಸಮ್ ಹತ್ತಿರದ ಹೈಡೆಗಳಿಗೆ ಹೋಗುವವರು ಜಾಂಡೆರೈ ಕ್ರೈಲೋ ಸೇತುವೆ ತಪ್ಪಿಸಬೇಡಿ. ಪ್ರಾಣಿಗಳು ದಾಟಲಿ ಅಂತ 2006ರಲ್ಲಿ ತೆರೆದ, 800 ಮೀಟರ್ ಉದ್ದದ ಹಸಿರು ಸೇತುವೆ. ಮೇಲೆ ಸೈಕಲ್ಲಿಗೂ ದಾರಿ ಬಿಟ್ಟಿದ್ದಾರೆ. ಕೆಳಗೆ ರೈಲು, ರಸ್ತೆ ಎಲ್ಲಾ ಓಡುತ್ತಿರುತ್ತದೆ, ಮೇಲೆ ನಿಮಗೆ ಹುಲ್ಲು, ಪೊದೆ.

ಮಕ್ಕಳು ಇದ್ದರೆ ಹೋಗೆ ವೇಲುವೆ ರಾಷ್ಟ್ರೀಯ ಉದ್ಯಾನ. ಪ್ರವೇಶಕ್ಕೆ ಟಿಕೆಟ್ ಇದೆ, ಆದರೆ ಒಳಗೆ 1,800 ಬಿಳಿ ಸೈಕಲ್‌ಗಳು ಬಿಟ್ಟಿ. ಒಂದು ಎಚ್ಚರಿಕೆ, ಅವಕ್ಕೆ ಕೈ ಬ್ರೇಕ್ ಇಲ್ಲ, ಪೆಡಲ್ ಹಿಂದಕ್ಕೆ ತುಳಿಯಬೇಕು. ಹೊಸಬರು ಮೊದಲ ತಿರುವಿನಲ್ಲಿ ಗಾಳಿಯಲ್ಲಿ ಬೆರಳು ಮಡಚುವುದನ್ನು ನೋಡುವುದೇ ಮಜಾ.

ಗಡಿಯಾಚೆ ಬೆಲ್ಜಿಯಂನ ಹೋಗೆ ಕೆಂಪೆನ್ ರಾಷ್ಟ್ರೀಯ ಉದ್ಯಾನ. ಅಲ್ಲಿಯ ಮೆಖೆಲ್ಸೆ ಹೈಡೆಯಲ್ಲಿ 2021ರಿಂದ ಮರದ ಸೇತುವೆಯೊಂದಿದೆ, ಕಾರು ರಸ್ತೆಯ ಮೇಲಿಂದ ನಿಮ್ಮನ್ನು ದಾಟಿಸುತ್ತದೆ. ಹಳೆಯ ಗಣಿಗಳ ಕಸದ ಗುಡ್ಡಗಳೂ ಹತ್ತಿರದಲ್ಲೇ ಇರುವುದರಿಂದ, ಏರು ಬೇಕು ಅನ್ನುವವರಿಗೆ ಅಲ್ಲಿ ಸಿಗುತ್ತದೆ.

ಡಚ್ ರೈಲಿನಲ್ಲಿ ಸೈಕಲ್ ಒಯ್ಯಲು ಬೇರೆ ಟಿಕೆಟ್ ಬೇಕು. ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 6:30ರಿಂದ 9, ಸಂಜೆ 4ರಿಂದ 6:30 ಹತ್ತಿಸುವ ಹಾಗಿಲ್ಲ. ಜುಲೈ, ಆಗಸ್ಟ್‌ನಲ್ಲಿ ಈ ತಡೆ ಇಲ್ಲ.

ಮನೆಗೆ ಬಂದ ಮೇಲೆ

ಸೈಕಲ್ಲಿಗೆ ಪೈಪು ಹಿಡಿದು ನೀರು ಬಿಡಬೇಡಿ, ಮರಳು ಬೇರಿಂಗಿನ ಒಳಗೆ ಹೋಗಿ ಕೂರುತ್ತದೆ. ಒಣಗಲು ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಚೈನು ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಆಮೇಲೆ ಮೇಣದ ಥರದ ಒಣ ಲ್ಯೂಬ್ ಹಾಕಿ. ಜಿಡ್ಡಿನ ಎಣ್ಣೆ ಹಾಕಿದರೆ ಮುಂದಿನ ಸಲ ಮರಳೆಲ್ಲ ಅದಕ್ಕೇ ಅಂಟಿ ಚೈನು ಅರ ಹಾಕಿದ ಹಾಗೆ ಸವೆಯುತ್ತದೆ.

ಆದರೆ ಸೈಕಲ್ಲಿಗಿಂತ ಮೊದಲು ನಿಮ್ಮ ಮೈ. ಉಣ್ಣಿ ನೋಡಿಕೊಳ್ಳಿ. ಇಲ್ಲಿಯ ಉಣ್ಣಿ ಲೈಮ್ ಕಾಯಿಲೆ ತರಬಲ್ಲದು. ಮರಿ ಉಣ್ಣಿ ಗಸಗಸೆ ಕಾಳಿನಷ್ಟು, ಮಚ್ಚೆ ಅಂದುಕೊಂಡು ಬಿಟ್ಟುಬಿಡುತ್ತೀರಿ. ಮೊಣಕಾಲ ಹಿಂದೆ, ತೊಡೆ ಸಂದು, ಕಂಕುಳು, ಸೊಂಟದ ಪಟ್ಟಿ ಇದ್ದ ಜಾಗ, ಕಿವಿ ಹಿಂದೆ. ಮಕ್ಕಳಿಗೆ ಕೂದಲೊಳಗೂ. ಸಿಕ್ಕರೆ ಎಣ್ಣೆ, ಬೆಂಕಿಕಡ್ಡಿ ಅಂತೆಲ್ಲ ಹೋಗಬೇಡಿ, ಸಣ್ಣ ಮೂತಿಯ ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೆಟ್ಟಗೆ, ನಿಧಾನವಾಗಿ ಎಳೆಯಿರಿ. ಆ ಜಾಗ ಶುಚಿ ಮಾಡಿ, ಕಚ್ಚಿದ ದಿನ, ಕಚ್ಚಿದ ಜಾಗ ಎರಡನ್ನೂ ಕ್ಯಾಲೆಂಡರಿನಲ್ಲಿ ಬರೆದಿಡಿ. ಮೂರು ತಿಂಗಳೊಳಗೆ ಅಲ್ಲಿ ಕೆಂಪು ಉಂಗುರ ಹರಡತೊಡಗಿದರೆ, ಅಥವಾ ಜ್ವರ ಬಂದರೆ, ಆ ಕ್ಯಾಲೆಂಡರಿನ ಫೋಟೋ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ.